ಒಳಕೋಣೆಗೆ ಬಂದ ಮದುವೆ

ನನ್ನ ಅಕ್ಕನ ಮದುವೆಯನ್ನು ಅರ್ಧ ಮಸ್ಕಿ ನೋಡಿತು. ಸಂತೆಗೆ ಬಂದವರು ನೋಡಿದರು, ಬಸ್ಸು ತಪ್ಪಿಸಿಕೊಂಡವರು ನೋಡಿದರು, ಯಾರ ಮದುವೆ ಎಂದೂ ಗೊತ್ತಿಲ್ಲದೆ ಉಂಡು ಕೈ ತೊಳೆದುಕೊಂಡು ಹೋದವರೂ ನೋಡಿದರು. ನೋಡದೆ ಉಳಿದವಳು ಒಬ್ಬಳೇ, ಹೆತ್ತವಳು.

ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಾವಿದ್ದದ್ದು ದೊಡ್ಡಪ್ಪನ ಯಜಮಾನಿಕೆಯ ಕೂಡುಮನೆ. ಬಜಾರಿನಲ್ಲಿ ಬಟ್ಟೆ ಅಂಗಡಿ, ಮನೆಯಲ್ಲಿ ದಿನಾ ಲಿಂಗಪೂಜೆ. ದೊಡ್ಡಪ್ಪ ಕೆಟ್ಟವನಲ್ಲ. ಅಕ್ಕನನ್ನೂ ನನ್ನನ್ನೂ ಓದಿಸಿದವನು ಅವನೇ. ಕೆಟ್ಟವನಾಗಿದ್ದರೆ ಜಗಳವಾದರೂ ಸಲೀಸಾಗಿರುತ್ತಿತ್ತು. ಮದುವೆಯ ದಿನ ಬೆಳಿಗ್ಗೆ ಅವ್ವ ಸೀರೆ ಬದಲಿಸಿ ಬಾಗಿಲಿಗೆ ಬಂದಾಗ ಅವನು ಬಹಳ ಮೆತ್ತಗೆ ಹೇಳಿದ.

"ನೋಡವಾ, ಅಕ್ಕಿಕಾಳು ಬೀಳೂತನಕ ನೀ ಒಳಗ ಇರು. ಆಮ್ಯಾಲೆ ಬಂದ್ರಾತು. ಮಂದಿ ಬಾಯಿ ಚಲೋ ಅಲ್ಲ."

ನಮ್ಮದು ಶರಣರ ಮಾತು ದಿನಾ ಬಾಯಲ್ಲಿರುವ ಮನೆ. ಮೈಲಿಗೆ ಇಲ್ಲ, ಅಪಶಕುನ ಇಲ್ಲ, ಮೇಲು ಕೀಳಿಲ್ಲ ಎಂದು ಬೆಳಗಾದರೆ ಹಾಡುತ್ತಿದ್ದರು. ಹಂದರ ಹಾಕಿದ ದಿನ ಹಾಡು ಹಾಡಿನ ಪಾಡಿಗೆ, ಹಂದರ ಹಂದರದ ಪಾಡಿಗೆ. ಗಂಡ ಸತ್ತವಳ ನೆರಳು ತಾಳಿಯ ಮೇಲೆ ಬೀಳಬಾರದು ಎಂದು ಯಾವ ಹಾಡಿನಲ್ಲೂ ಇರಲಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠವಾಗಿತ್ತು.

ಅವ್ವನನ್ನು ಕೂರಿಸಿದ್ದು ಒಳಕೋಣೆಯಲ್ಲಿ. ಜೋಳದ ಚೀಲ ಇಡುವ, ಕಿಟಕಿ ಇಲ್ಲದ ಕೋಣೆ ಅದು. ನಾವು ಮೂವರೂ ರಾತ್ರಿ ಮಲಗುತ್ತಿದ್ದದ್ದು ಅಲ್ಲೇ. ಸುಮ್ಮನೆ ಕೂತರೆ ಬೇಜಾರಾದೀತು ಎಂದು ದೊಡ್ಡಮ್ಮ ಎಲೆ ಅಡಿಕೆಯ ಬುಟ್ಟಿಯನ್ನೂ ಕೊಟ್ಟಳು. ಮಗಳ ಕೊರಳಿಗೆ ತಾಳಿ ಬೀಳುವ ಹೊತ್ತಿನಲ್ಲಿ ಅವ್ವ ಬಂದವರ ಬಾಯಿಗೆ ಎಲೆ ಮಡಚುತ್ತಿದ್ದಳು.

ನಾನೇನು ಮಾಡುತ್ತಿದ್ದೆ? ಆರತಿ ತಟ್ಟೆ ಹಿಡಿದುಕೊಂಡು ಹೊಸ ಲಂಗ ದಾವಣಿಯಲ್ಲಿ ಹಂದರದ ತುಂಬ ಓಡಾಡುತ್ತಿದ್ದೆ. ಅವ್ವ ಎಲ್ಲಿ ಎಂದು ನಾನೂ ಕೇಳಲಿಲ್ಲ. ಮುಂದೆ ನಾನು ಪಟ್ಟ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆ ವರ್ಷ ಸಿಂಧನೂರಿನ ಸ್ಟುಡಿಯೋದವನು ಕ್ಯಾಸೆಟ್ ಬಿಟ್ಟು ಸಿಡಿಯಲ್ಲಿ ಮದುವೆ ಕೊಡಲು ಶುರು ಮಾಡಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಮ್ಮ ಕಡೆಗೆ ಅದು ಬಹಳ ಹೊಸತು. ಅಕ್ಕನನ್ನು ಕೊಟ್ಟಿದ್ದೂ ಸಿಂಧನೂರಿಗೇ. ಬೀಗರಿಗೆ ವಳಕಮದಿನ್ನಿಯಲ್ಲಿ ಕಾಲುವೆ ನೀರಿನ ಭತ್ತದ ಗದ್ದೆ, ಸಿಂಧನೂರಿನಲ್ಲಿ ಮನೆ, ಮನೆಯಲ್ಲಿ ಸಿಡಿ ಹಾಕುವ ಪ್ಲೇಯರು. ಎರಡು ಸಿಡಿ ತಯಾರಾಗಿ ಬಂದಾಗ ನಮ್ಮ ಮನೆಯವರೆಲ್ಲ ಜೀಪು ಮಾಡಿಕೊಂಡು ಹೋಗಿ ಅಲ್ಲೇ ಕೂತು ನೋಡಿ ಬಂದರು. ಅವ್ವ ಹೋಗಲಿಲ್ಲ. ಮೊದಲ ಸಲ ಬೀಗರ ಹೊಸ್ತಿಲು ತುಳಿಯುವುದಿದ್ದರೆ ಮಗಳು ಬಸುರಾಗಿ ಹೊಟ್ಟೆ ಹಣ್ಣಾದ ಮೇಲೆ ತುಳಿಯಲಿ ಎಂದು ದೊಡ್ಡಮ್ಮ ತೀರ್ಪು ಕೊಟ್ಟಿದ್ದಳು. ಸಂಜೆ ಬಂದವಳು ಜೀಪಿನಿಂದ ಇಳಿಯುವ ಮೊದಲೇ ವರ್ಣನೆ ಶುರು ಮಾಡಿದಳು.

"ಖರೇ ಸಿನಿಮಾ ಆಗೈತಿ ನೋಡವಾ. ಮಗಳ ಮುಖ ಹೂವಿನಾಗಿಂದ ಬರತೈತಿ."

ಅವ್ವ ಒಂದೇ ಮಾತು ಕೇಳಿದಳು. "ತಾಳಿ ಕಟ್ಟೂದು ಬಂದೈತೇನಕ್ಕಾ?"

"ಬಂದೈತಿ. ಎರಡನೇದ್ರಾಗ."

ಬೀಗರು ತಾವು ನೋಡಿ ಮುಗಿಸಿ, ತವರಿನಲ್ಲಿ ಇರಲಿ ಎಂದು ಎರಡೂ ಸಿಡಿ ಕೊಟ್ಟು ಕಳಿಸಿದ್ದರು. ಮೊದಲನೆಯದು ಕಪಾಟಿನಲ್ಲಿ ಸೀರೆಗಳ ನಡುವೆ ಸೇರಿತು. ಎರಡನೆಯದನ್ನು ಅವ್ವ ತೆಗೆದುಕೊಂಡು ಹೋಗಿ ದೇವರ ಜಗಲಿಯ ಮೇಲೆ ಇಟ್ಟಳು. ನೋಡಲು ಬರದ ವಸ್ತುವನ್ನು ಇಡಲು ಅವಳಿಗೆ ಗೊತ್ತಿದ್ದ ಜಾಗ ಅದೊಂದೇ.

ಮನೆಯ ಟಿವಿ ಪಡಸಾಲೆಯಲ್ಲಿತ್ತು. ಮರದ ಪೆಟ್ಟಿಗೆ, ಎಳೆಯುವ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ದೊಡ್ಡಪ್ಪನ ಉಡದಾರದಲ್ಲಿ. ಒಂದು ದಿನಕ್ಕೆ ಸಿಂಧನೂರಿನಿಂದ ಪ್ಲೇಯರು ಬಾಡಿಗೆಗೆ ತರುತ್ತೇನೆ, ಟಿವಿ ತೆಗೆದುಕೊಡು ಎಂದು ಅವನನ್ನು ಕೇಳಿದೆ. ಅವನು ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದವನು ತಿರುಗಿ ನೋಡಿದ.

"ಎಲ್ಲಾರೂ ನೋಡಿ ಆತಲ್ಲಬೇ. ಮತ್ತ ಯಾರಿಗೆ?"

ಬೇಕೆಂದು ಆಡಿದ ಮಾತಲ್ಲ ಅದು. ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಎಲ್ಲರೂ ಎಂದು ಅವನು ಎಣಿಸಿದಾಗ ಆ ಎಣಿಕೆಯಲ್ಲಿ ಅವ್ವ ಇರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಮಾತು ಆಡಿದ್ದರೆ ಬಾಯಿಗೆ ಬಂದದ್ದು ಬಂದುಬಿಡುತ್ತಿತ್ತು. ನಾನು ಆಡಲಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಅಪ್ಪಣೆ ಕೇಳುವುದನ್ನು ಬಿಟ್ಟೆ.

ಆಗ ನಾನು ಲಿಂಗಸುಗೂರಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗಿಯರಿಗೆ ಟೈಪಿಂಗು, ಪತ್ರ ಬರೆಯುವುದು ಕಲಿಸುತ್ತಿದ್ದೆ. ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಮಾಲೀಕ ಹೊಸ ಯಂತ್ರಗಳನ್ನು ತರಿಸಿ ಹಳೆಯವನ್ನು ಮೂಲೆಗೆ ತಳ್ಳಿದಾಗ ಅದರಲ್ಲಿ ಒಂದನ್ನು ನಾನು ನನ್ನ ಪಗಾರದಲ್ಲೇ ಕೊಂಡೆ. ಕಂಪ್ಯೂಟರಿನಲ್ಲೂ ವಿಡಿಯೋ ಸಿಡಿ ಓಡುತ್ತದೆ ಎಂದು ಕೇಳಿದ್ದೆ, ನೋಡಿರಲಿಲ್ಲ. ಓಡದಿದ್ದರೆ ಓಡಿಸಿದರಾಯಿತು ಎನ್ನುವ ಹುಂಬತನ ಇತ್ತು. ಅವ್ವನನ್ನು ಯಾವ ಕೋಣೆಯಲ್ಲಿ ಕೂರಿಸಿ ಮದುವೆ ಮಾಡಿದರೋ ಅದೇ ಕೋಣೆಯಲ್ಲಿ ಮದುವೆ ತೋರಿಸುತ್ತೇನೆ, ಯಾರ ಟಿವಿಯೂ ಬೇಡ, ಯಾರ ಬೀಗದ ಕೈಯೂ ಬೇಡ ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಯಂತ್ರದ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟು, ಪರದೆಯ ಡಬ್ಬಿಗೆ ತುಂಡುಬಟ್ಟೆಯ ಕೌದಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿ ಗುರುಗುಂಟಾ ಕಡೆಯ ಅಜ್ಜಿಯೊಬ್ಬಳು ಕೂತಿದ್ದಳು. ಕೌದಿಯ ಅಂಚು ಸರಿಸಿ ಇಣುಕಿದಳು.

"ಟೀವಿ ಏನವಾ? ಮದುವಿಗೆ ಕೊಡಾಕ ಒಯ್ಯಾಕತ್ತಿಯೇನು?"

"ಹೂನಮ್ಮಾ. ಮದುವಿಗೇ" ಎಂದೆ.

ಒಳಕೋಣೆಯಲ್ಲಿ ಎರಡು ಜೋಳದ ಚೀಲ ಸರಿಸಿ, ಅಪ್ಪನ ಹಳೆಯ ಗಲ್ಲಾಪೆಟ್ಟಿಗೆಯ ಮೇಲೆ ಅದನ್ನು ಕೂರಿಸಿದೆ. ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿ, ಟೈಪು ಮಾಡಲು ತಂದಿರಬೇಕೆಂದು ತಾನೇ ಅಂದುಕೊಂಡು ಹೋದ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆ ಯಂತ್ರಕ್ಕೆ ಸಿಡಿ ಹಾಕುವ ಬಾಯಿಯೇ ಇರಲಿಲ್ಲ. ಸಿಂಧನೂರಿನಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಯೊಂದಿತ್ತು. ಮಾಲೀಕ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವನು, ತೆಲುಗು ಬೆರೆಸಿ ಕನ್ನಡ ಆಡುತ್ತಿದ್ದ. ಅಲ್ಲಿಂದ ಸಿಡಿ ಡ್ರೈವು, ಸೌಂಡ್ ಕಾರ್ಡು, ಎರಡು ಪುಟ್ಟ ಸ್ಪೀಕರು ತಂದು, ಕ್ಲಾಸಿನಲ್ಲಿ ರಿಪೇರಿಯವನು ಮಾಡುವುದನ್ನು ನೋಡಿ ಕಲಿತದ್ದನ್ನು ನೆನೆಸಿಕೊಂಡು ನಾನೇ ಜೋಡಿಸಿದೆ. ಅಗಲ ಪಟ್ಟಿಯಂಥ ವೈರಿಗೆ ಒಂದು ಕಡೆ ಕೆಂಪು ಅಂಚಿರುತ್ತದೆ. ಅದನ್ನು ತಿರುವುಮುರುವು ಹಾಕಿ ಎರಡು ದಿನ ತಲೆ ಕೆರೆದುಕೊಂಡೆ. ಮೂರನೆಯ ದಿನ ತಿರುಗಿಸಿ ಹಾಕಿದಾಗ ಡ್ರೈವಿನ ದೀಪ ಹತ್ತಿತು. ಅವ್ವ ಹಿಂದೆ ನಿಂತು ದೀಪಕ್ಕೆ ಕೈ ಮುಗಿದಳು.

ಮೊದಲ ಸಿಡಿ ಹಾಕಿದೆ. ಅದರಲ್ಲಿ ಮದುವೆ ಇರಲಿಲ್ಲ. ಇಂಗ್ಲಿಷ್ ಹೆಸರಿನ ನಾಲ್ಕೈದು ಫೋಲ್ಡರುಗಳಿದ್ದವು, ಒಳಗೆ ಅರ್ಥವಾಗದ ಫೈಲುಗಳು. ಯಾವುದನ್ನು ಒತ್ತಿದರೂ ಇದನ್ನು ಯಾವುದರಿಂದ ತೆಗೆಯಲಿ ಎಂದು ಯಂತ್ರ ನನ್ನನ್ನೇ ಕೇಳುತ್ತಿತ್ತು. ನನಗೆ ಗೊತ್ತಿದ್ದರೆ ನಿನ್ನನ್ನು ಯಾಕೆ ಕೇಳುತ್ತಿದ್ದೆ ಎಂದು ಬೈದೆ. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದವಳು ಏನಾಯಿತು ಎಂದಳು. ಐದು ಗಂಟುಗಳಿವೆ, ಮದುವೆ ಯಾವುದರಲ್ಲಿದೆ ತಿಳಿಯುತ್ತಿಲ್ಲ ಎಂದೆ.

"ಮದುವಿ ಸಾಮಾನು ದೊಡ್ಡ ಗಂಟಿನಾಗ ಇರತೈತಿ" ಎಂದಳು ಅವ್ವ, ಮೊರದಿಂದ ತಲೆ ಎತ್ತದೆ.

ಫೈಲುಗಳ ಗಾತ್ರ ನೋಡಿದೆ. ಉಳಿದವೆಲ್ಲ ಅಂಗೈಯಷ್ಟು, ಒಂದು ಮಾತ್ರ ಭಾರಿ. ಅಂಗಡಿಯವನು ಫ್ಲಾಪಿಯಲ್ಲಿ ಕೊಟ್ಟಿದ್ದ ವಿಡಿಯೋ ನೋಡುವ ಪ್ರೋಗ್ರಾಂ ತೆಗೆದು, ಅದಕ್ಕೆ ಆ ದೊಡ್ಡ ಫೈಲನ್ನು ತೋರಿಸಿದೆ. ಪಟ್ಟಿಯಲ್ಲಿ ಅದು ಕಾಣಿಸಲೇ ಇಲ್ಲ. ಎಲ್ಲ ಬಗೆಯ ಫೈಲುಗಳನ್ನೂ ತೋರಿಸು ಎಂದು ಆರಿಸಿದ ಮೇಲೆ ಕಾಣಿಸಿತು. ಒತ್ತಿದೆ. ಪರದೆ ಒಂದು ಗಳಿಗೆ ಕಪ್ಪಾಯಿತು. ಆಮೇಲೆ ನಮ್ಮ ಮನೆಯ ಮುಂದಿನ ಹಂದರ, ಬಾಳೆ ಕಂಬ, ತಿರುಗುತ್ತ ಬಂದ ಅಕ್ಕನ ಹೆಸರಿನ ಅಕ್ಷರಗಳು. ಅವ್ವನ ಮೊರ ನಿಂತಿತು.

ಅಷ್ಟೇ. ಬಾಳೆ ಕಂಬ ಅಲ್ಲೇ ನಿಂತುಬಿಟ್ಟಿತು. ಓಲಗ ಒಂದು ತುಣುಕು ಬಂದು ನಿಲ್ಲುವುದು, ಮತ್ತೊಂದು ತುಣುಕು ಬರುವುದು. ಯಂತ್ರ ಹಳೆಯದು, ಚಿತ್ರ ಬಿಡಿಸಿ ಮುಗಿಸುವಷ್ಟರಲ್ಲಿ ಸದ್ದು ಮುಂದೆ ಹೋಗಿರುತ್ತಿತ್ತು. ಸಿಡಿಯಲ್ಲಿದ್ದದ್ದನ್ನು ಯಂತ್ರದೊಳಕ್ಕೇ ಇಳಿಸಿಕೊಂಡರೆ ಓಡೀತೆಂದು ನೋಡಿದರೆ, ಯಂತ್ರದ ಹೊಟ್ಟೆಗಿಂತ ಮದುವೆಯೇ ದೊಡ್ಡದಿತ್ತು. ಉಳಿದ ಎಲ್ಲ ಪ್ರೋಗ್ರಾಂ ಮುಚ್ಚಿದೆ, ಬಣ್ಣ ಕಡಿಮೆ ಮಾಡಿದೆ, ಚಿತ್ರವನ್ನು ಕುಗ್ಗಿಸುತ್ತ ಕುಗ್ಗಿಸುತ್ತ ಬಂದೆ. ಕಡ್ಡಿಪೆಟ್ಟಿಗೆಯಷ್ಟು ಮಾಡಿದಾಗ ಓಡಿತು. ನನಗೆ ಕುಣಿಯುವಷ್ಟು ಖುಷಿ. ಅವ್ವ ಚಾಳೀಸು ಹಾಕಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

"ಇದು ಇರಿವಿ ಮದುವಿ ಆಗೈತಲ್ಲಬೇ" ಎಂದಳು. "ನಿಮ್ಮಕ್ಕ ಯಾವಾಕಿ ಇದ್ರಾಗ?"

ಇರುವೆಗಳ ಮದುವೆ ತೋರಿಸಲು ನಾನು ಇಷ್ಟು ದೂರ ಬಂದಿರಲಿಲ್ಲ. ಮರುದಿನ ಕ್ಲಾಸಿಗೆ ರಜೆ ಹಾಕಿ, ಯಂತ್ರದ ಪೆಟ್ಟಿಗೆಯನ್ನೇ ಎತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಮೂರು ನಾಲ್ಕು ಗಂಡಸರು ಚಹಾ ಕುಡಿಯುತ್ತ ಕೂತಿದ್ದರು. ಮಾಲೀಕ ಪೆಟ್ಟಿಗೆಯನ್ನು ನೋಡಿ ನಕ್ಕ. ಇದು ಮುದುಕ ಎತ್ತು, ಇದನ್ನು ಬಿಟ್ಟು ಹೊಸದು ಒಯ್ಯಿ ಎಂದ. ಹೊಸದು ಬೇಡ, ಇದರಲ್ಲೇ ದೊಡ್ಡ ಚಿತ್ರ ಓಡಲು ಏನು ಬೇಕೋ ಅದನ್ನು ಕೊಡಿ ಎಂದೆ. ಅದಕ್ಕೊಂದು ಬೇರೆ ಕಾರ್ಡು ಬರುತ್ತದೆ, ಚಿತ್ರ ಬಿಡಿಸುವ ಕೆಲಸವನ್ನು ಅದೇ ಮಾಡುತ್ತದೆ, ಹೈದರಾಬಾದಿನಿಂದ ತರಿಸಬೇಕು ಎಂದ. ತರಿಸಿ ಎಂದೆ. ಅವನು ಚಹಾದ ಲೋಟ ಕೆಳಗಿಟ್ಟ.

"ತರಸ್ತೀನಮ್ಮಾ. ಆದ್ರ ಹಾಕೋದು ನಿಂ ಕೈಲಿ ಆಗಲ್ಲ. ಮನಿಯಾಗ ಯಾರನ್ನ ಗಂಡ್ಸರಿದ್ರೆ ಕಳ್ಸು, ಚೆಪ್ತೀನಿ."

"ಗಂಡಸರು ಅದಾರ ರೀ. ಅವರಿಗೆ ಪುರಸೊತ್ತಿಲ್ಲ" ಎಂದೆ.

ಕಾರ್ಡು ಬರಲು ಹದಿನೈದು ದಿನ ಹಿಡಿಯಿತು. ಅದೇ ಪೆಟ್ಟಿಗೆ ಹೊತ್ತು ಮತ್ತೆ ಹೋದೆ. ಹಾಕಿ ಕೊಡುತ್ತೇನೆ, ಬಿಟ್ಟು ಹೋಗು ಎಂದ. ಬೇಡ ಎಂದು ಅವನ ಗಲ್ಲಾದ ಮೇಜಿನ ಮೇಲೆಯೇ ಪೆಟ್ಟಿಗೆ ಇಟ್ಟು, ಬ್ಯಾಗಿನಿಂದ ನನ್ನದೇ ಸ್ಕ್ರೂ ಡ್ರೈವರು ತೆಗೆದೆ. ಚಹಾ ಕುಡಿಯುವವರು ಅವತ್ತೂ ಇದ್ದರು. ಮುಚ್ಚಳ ಬಿಚ್ಚಿದೆ, ಒಳಗಿನ ದೂಳು ಊದಿದೆ, ಖಾಲಿ ಸಂದು ನೋಡಿ ಕಾರ್ಡನ್ನು ನೆಟ್ಟಗೆ ಕೂರಿಸಿ ಒತ್ತಿದೆ. ಟಕ್ಕೆಂದು ಕೂತಿತು. ಚಹಾ ಕುಡಿಯುವವರ ಕಡೆಗೆ ಬೆನ್ನು ಮಾಡಿಯೇ ನಿಂತಿದ್ದೆ. ಮಾಲೀಕ ತನ್ನ ಪರದೆಗೆ ಜೋಡಿಸಿ ಯಂತ್ರ ಹಚ್ಚಿದ. ಯಾವುದೋ ಸಿನಿಮಾದ ಸಿಡಿ ಹಾಕಿದ. ಪರದೆಯ ತುಂಬ ಓಡಿತು. ಅವನು ಒಳಗೆ ತಿರುಗಿ ನನಗೂ ಒಂದು ಚಹಾ ಹೇಳಿದ. ಕುಡಿದೇ ಬಂದೆ.

ಹಾಗೇ ಸ್ಟುಡಿಯೋಕ್ಕೂ ಹೋಗಿ, ಅಕ್ಕನ ಮದುವೆಯದು ಇನ್ನೊಂದು ಜೋಡಿ ಮಾಡಿಕೊಡಿ ಎಂದು ಕೇಳಿದೆ. ಮೂಲ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತೆಗೆದಾಗಿದೆ, ಈಗ ಏನೂ ಇಲ್ಲ ಎಂದರು. ಇರಲಿ, ಮನೆಯಲ್ಲಿ ಇದೆಯಲ್ಲ ಎಂದುಕೊಂಡೆ.

ಮರುದಿನ ಭಾನುವಾರ ಮಧ್ಯಾಹ್ನ, ದೊಡ್ಡಪ್ಪ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿದ್ದಾಗ, ಮೊದಲ ಸಿಡಿ ಹಚ್ಚಿದೆ. ಓಡಿತು. ಅವ್ವ ಗೋಡೆಗೆ ಒರಗಿ ಕೂತು ಅರಿಶಿನ ಹಚ್ಚುವುದು, ಬೀಗರನ್ನು ಎದುರುಗೊಳ್ಳುವುದು, ಮೆರವಣಿಗೆ ಎಲ್ಲ ನೋಡಿದಳು. ನಾನು ಆರತಿ ತಟ್ಟೆ ಹಿಡಿದು ಹಲ್ಲು ಬಿಡುತ್ತ ಮೂರು ಸಲ ಬಂದುಹೋದೆ. ನಾಚಿಕೆಯಿಂದ ಸಾಯುವ ಹಾಗಾಯಿತು. ಅವ್ವ ಮಾತ್ರ ಪ್ರತಿ ಸಲವೂ "ನೋಡು, ನೀ" ಎಂದು ತೋರಿಸಿದಳು. ಸಿಡಿ ಮುಗಿದಾಗ ಎದ್ದು ಕೈಕಾಲು ತೊಳೆದುಕೊಂಡು, ಜಗಲಿಯಿಂದ ಎರಡನೆಯದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದವಳು ಹಾಗೇ ಕೂತೆ. ಹೊಳೆಯುವ ಬದಿಯ ಮೇಲೆ ಮೂರು ಬೆರಳಿನ ವಿಭೂತಿ. ಒಂದು ದಿನದ್ದಲ್ಲ. ಆರು ತಿಂಗಳ ವಿಭೂತಿ, ನೀರಲ್ಲಿ ಕಲಸಿ ಹಚ್ಚಿದ್ದು, ಒಣಗಿದ್ದು, ಒರೆಸಿದ್ದು, ಮತ್ತೆ ಹಚ್ಚಿದ್ದು. ನಾನು ಮುಂಜಾನೆಯ ಬಸ್ಸಿಗೆ ಹೋದ ಮೇಲೆ ಅವ್ವ ಪೂಜೆಗೆ ಕೂರುತ್ತಿದ್ದಳು. ಸಂಜೆ ನನಗೆ ಕಾಣುತ್ತಿದ್ದದ್ದು ಜಗಲಿಯ ಮೇಲಿನ ಹೂವಷ್ಟೇ.

"ಇದಕ್ಕ ಯಾಕ ಹಚ್ಚಿದಿಬೇ ಅವ್ವಾ?"

"ದಿನಾ ಹಚ್ಚತೀನಿ. ಹೆಸರು ಬರೆದಿದ್ದು ಬೆನ್ನು, ಹೊಳಿಯೂದು ಮುಖ. ಹಣಿ ಬಿಟ್ಟು ಬೆನ್ನಿಗೆ ಹಚ್ಚತಾರೇನು?"

"ಒರಸೂದು ಹೆಂಗ?"

ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿ, ಲಿಂಗವನ್ನು ಒರೆಸುವ ಹಾಗೆ, ಸುತ್ತ ಸುತ್ತ ತಿರುಗಿಸಿ ತೋರಿಸಿದಳು. ಸಿಡಿಯ ಮೈಮೇಲೆ ಅದೇ ದಾರಿಯಲ್ಲಿ ಗೀರುಗಳು ಬಿದ್ದಿದ್ದವು. ಸುತ್ತ ಬಿದ್ದ ಗೀರು ಯಂತ್ರದ ಕಣ್ಣಿಗೆ ಬಹಳ ಕೆಟ್ಟದ್ದು. ನಡುವಿನಿಂದ ಅಂಚಿಗೆ ನೇರ ಒರೆಸಬೇಕು ಎಂದು ನಾನು ಕ್ಲಾಸಿನಲ್ಲಿ ದಿನಾ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ.

ಆಗ ನಾನು ಅವ್ವನಿಗೆ ಬೈದೆ. ದೊಡ್ಡಪ್ಪನಿಗೆ ಆಡದೆ ನುಂಗಿದ್ದೆಲ್ಲ, ಅಂಗಡಿಯವನಿಗೆ ಆಡದೆ ನುಂಗಿದ್ದೆಲ್ಲ ಅವಳ ಮೇಲೆ ಬಂತು. ಒಂದು ಮಾತು ಕೇಳಿ ಮಾಡಬಾರದಾ, ಕಂಡದ್ದಕ್ಕೆಲ್ಲ ವಿಭೂತಿ ಹಚ್ಚುವುದೇ ಆಯಿತು, ನಿನ್ನ ಕೈಯಾರೆ ಹಾಳು ಮಾಡಿದಿ ಎಂದೆ. ಅವ್ವ ಸೆರಗಿನ ತುದಿ ಬೆರಳಿನಿಂದ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಬಲ್ಲಿದರ ಮೇಲೆ ಸಿಟ್ಟು ನಡೆಯದಿದ್ದರೆ ಬಡವರ ಮೇಲೆ ತೀರಿಸುವುದು ದೊಡ್ಡಪ್ಪನ ಮನೆಯ ಗುಣ ಎಂದು ನಾನು ತಿಳಿದಿದ್ದೆ. ಅದು ನನಗೂ ಬಂದಿತ್ತು.

ಒಂದು ವಾರ ಆ ಸಿಡಿಯ ಸೇವೆ ಮಾಡಿದೆ. ಉಗುರುಬೆಚ್ಚನೆ ನೀರಿನಲ್ಲಿ ಸೋಪಿನ ನೊರೆ ಮಾಡಿ ತೊಳೆದೆ. ಹಳೆಯ ಧೋತರದ ಮೆತ್ತನೆ ಅರಿವೆಯಿಂದ ನಡುವಿನಿಂದ ಅಂಚಿಗೆ ಒರೆಸಿದೆ. ಬಿಳಿ ಹಲ್ಲುಪೇಸ್ಟು ಹಚ್ಚಿ ತಿಕ್ಕಿದರೆ ಗೀರು ತಗ್ಗುತ್ತದೆ ಎಂದು ಕ್ಲಾಸಿನ ರಿಪೇರಿಯವನು ಹೇಳಿದ. ಅದನ್ನೂ ಮಾಡಿದೆ. ಮೊದಲ ದಿನ ಯಂತ್ರ ಸಿಡಿ ಇದೆ ಎಂದೇ ಒಪ್ಪಲಿಲ್ಲ. ಮೂರನೆಯ ದಿನ ಒಪ್ಪಿತು. ಶನಿವಾರದ ಹೊತ್ತಿಗೆ ಓಲಗದ ಸದ್ದು ಬಂತು. ಅವ್ವ ದಿನಾ ಹೊಸ್ತಿಲ ಹೊರಗೆ ಬಂದು ನಿಂತು ಇಣುಕಿ ಹೋಗುತ್ತಿದ್ದಳು.

ಮುಂದಿನ ಭಾನುವಾರ ಅವಳ ಕೈ ಹಿಡಿದು ಕರೆತಂದು ಕೂರಿಸಿದೆ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿದೆ.

"ತಪ್ಪೇನೈತಿ. ಹಚ್ಚು" ಎಂದಳು.

ಹಚ್ಚಿದೆ. ಅಕ್ಕ ಹಸೆಗೆ ಬಂದಳು. ಅಂತರಪಟ ಹಿಡಿದರು. ಪರದೆಯ ತುಂಬ ಅಕ್ಕನ ಬಗ್ಗಿಸಿದ ತಲೆ, ಬಾಸಿಂಗ. ಚಿತ್ರ ಅಲ್ಲಲ್ಲಿ ಚೌಕ ಚೌಕವಾಗಿ ಒಡೆದು ಮತ್ತೆ ಕೂಡುತ್ತಿತ್ತು. ಸ್ವಾಮಿಗಳ ಮಂತ್ರ ಏರಿತು. ದೊಡ್ಡಪ್ಪ ತಲೆಗೆ ರೇಷ್ಮೆ ಪಟಕಾ ಸುತ್ತಿಕೊಂಡು ತಾಳಿಯ ತಟ್ಟೆಯನ್ನು ಎಲ್ಲರ ಮುಂದೆ ಹಿಡಿದು ಬಂದ. ಮಂದಿ ತಾಳಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಟ್ಟಿದವರಲ್ಲಿ ಯಾರು ಯಾರೋ ಇದ್ದರು. ಮದುಮಗ ಎರಡೂ ಕೈಯಲ್ಲಿ ತಾಳಿ ಎತ್ತಿದ. ಅವ್ವ ಮುಂದಕ್ಕೆ ಬಾಗಿದಳು.

ಅಲ್ಲಿಗೆ ಚಿತ್ರ ನಿಂತಿತು. ಡ್ರೈವು ಒಳಗೇ ಗರಗರ ಸುತ್ತಿತು. ಪರದೆ ಹಸಿರು ಕೆಂಪು ಚೌಕಗಳ ಕೌದಿಯಾಯಿತು. ಮತ್ತೆ ಕೂಡಿಕೊಂಡಾಗ ತಾಳಿ ಅಕ್ಕನ ಕೊರಳಲ್ಲಿತ್ತು, ಅಕ್ಕಿಕಾಳು ಬಿದ್ದು ಮುಗಿದಿತ್ತು, ಮಂದಿ ಊಟದ ಕಡೆಗೆ ತಿರುಗುತ್ತಿದ್ದರು.

ಹಿಂದಕ್ಕೆ ಹೋದೆ. ಅಲ್ಲೇ ನಿಂತಿತು. ತೆಗೆದು ಒರೆಸಿ ಹಾಕಿದೆ. ಅಲ್ಲೇ. ನಾಲ್ಕು ಸಲ, ಐದು ಸಲ. ತಾಳಿ ಎತ್ತಿದ ಕೈ, ಚೌಕಗಳು, ಕೊರಳಲ್ಲಿ ತಾಳಿ. ಕಟ್ಟುವುದು ಎಲ್ಲೂ ಇರಲಿಲ್ಲ. ನನಗೆ ಅಳು ಬಂದು ಯಂತ್ರದ ತಲೆಗೆ ಅಂಗೈಯಿಂದ ಹೊಡೆದೆ. ಆಗ ಬಾಗಿಲಲ್ಲಿ ದೊಡ್ಡಪ್ಪ ನಿಂತದ್ದು ಕಾಣಿಸಿತು. ಪಡಸಾಲೆಯಲ್ಲಿ ಮಲಗಿದ್ದವನು ಓಲಗ ಕೇಳಿ ಎದ್ದು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಪರದೆಯಲ್ಲಿ ಪಟಕಾ ಸುತ್ತಿದ ತನ್ನನ್ನೇ ನೋಡುತ್ತಿದ್ದ.

"ಆತು ಬಿಡಬೇ" ಎಂದ ನನಗೆ. "ತಾಳಿ ಕಟ್ಟಿದ್ದು ಸುಳ್ಳಾಗಂಗಿಲ್ಲಲ್ಲ. ಮುಂದಿಂದು ತೋರಸು."

ನಾನು ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಹಿಡಿದು ತಡೆದಳು.

"ಡಬ್ಬಿಗ್ಯಾಕ ಹೊಡಿತಿ" ಎಂದಳು. "ಅದರದೇನು ತಪ್ಪಿಲ್ಲ. ವಿಭೂತಿದೂ ತಪ್ಪಿಲ್ಲ. ಅವತ್ತು ನನ್ನ ಕಾಲೇನು ಯಾರೂ ಕಟ್ಟಿದ್ದಿಲ್ಲ. ನಾನಽ ಎದ್ದು ಹೊರಗ ಬರಬೇಕಿತ್ತು."

ಆಮೇಲೆ ತಿರುಗಿದಳು. ದೊಡ್ಡಪ್ಪನ ಎದುರು ಅವಳು ಎಂದೂ ಮುಖವೆತ್ತಿ ಮಾತಾಡಿದವಳಲ್ಲ. ಅವನು ಬಂದರೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯುವವಳು. ಅವತ್ತು ಕೂತಲ್ಲೇ ಕೂತು, ಕತ್ತೆತ್ತಿ ನೋಡಿ ಹೇಳಿದಳು.

"ಭಾವಾರ, ಸಣ್ಣಾಕಿ ಮದುವ್ಯಾಗ ನಾ ಒಳಗ ಕುಂದ್ರಂಗಿಲ್ರಿ. ಹಂದರದಾಗ ನಿಂದ್ರತೀನಿ. ಅಕಿ ಎದುರಿಗೆ ನಿಂದ್ರತೀನಿ."

"ಮಂದಿ ಏನಂದಾರವಾ?"

"ಅನ್ಲಿ ರೀ."

ಅವನು ತಿರುಗಿ ಪಡಸಾಲೆಗೆ ಹೋದ. ಒಪ್ಪಿದ ಎಂದಲ್ಲ. ಮುಂದೆ ಅವನು ಹಿರಿಯರಿಂದ ಹೇಳಿಸಿದ, ದೊಡ್ಡಮ್ಮನಿಂದ ಹೇಳಿಸಿದ, ಬೀಗರಾಗುವವರು ಏನಾದರೂ ಅಂದುಕೊಂಡಾರು ಎಂದು ಹೆದರಿಸಿದ. ಅವ್ವ ಎಲ್ಲರಿಗೂ ಅದೇ ಎರಡು ಪದ ಹೇಳಿದಳು. ನಾನು ನೂರು ಮಾತಾಡಿ, ಎರಡು ಊರು ಅಲೆದು, ಕಾರ್ಡು ಹಾಕಿ, ತಿಕ್ಕಿ ತೊಳೆದು ಮಾಡಲಾಗದ್ದನ್ನು ಅವಳು ಕೂತಲ್ಲೇ ಮಾಡಿ ಮುಗಿಸಿದ್ದಳು.

ಮರುವರ್ಷ ನನ್ನ ಮದುವೆಯಾಯಿತು. ದೊಡ್ಡಪ್ಪ ತಾಳಿಯ ತಟ್ಟೆ ಹಿಡಿದು ಮಂದಿಯ ಮುಂದೆಲ್ಲ ಸುತ್ತಿದ. ಅವ್ವನ ಎದುರು ಬಂದಾಗ ತಟ್ಟೆಯನ್ನು ಮುಂದಕ್ಕೆ ಸಾಗಿಸಲು ನೋಡಿದ. ಅವ್ವ ತಟ್ಟೆಯ ಅಂಚು ಹಿಡಿದು ನಿಲ್ಲಿಸಿ, ತಾಳಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಬಿಟ್ಟಳು. ಹಂದರದಲ್ಲಿ ಗುಸುಗುಸು ಎದ್ದಿತು, ಓಲಗದಲ್ಲಿ ಮುಳುಗಿತು. ತಾಳಿ ಕಟ್ಟುವಾಗ ನಾನು ತಲೆ ಬಗ್ಗಿಸಲಿಲ್ಲ. ಎದುರಿಗೆ ಅವಳು ನಿಂತಿದ್ದಳು, ಅವಳನ್ನೇ ನೋಡುತ್ತಿದ್ದೆ.

ವಿಡಿಯೋದವನಿಗೆ ಯಾಕೆ ಹೇಳಿಲ್ಲ ಎಂದು ಅಕ್ಕ ಬೇಜಾರು ಮಾಡಿಕೊಂಡಳು. ನನಗೆ ಬೇಕೆನಿಸಿರಲಿಲ್ಲ. ನೋಡಬೇಕಾದವಳು ನೋಡಿದ್ದಳು.